ಕಣ್ಣು ಬಿಟ್ಟು ಹುಟ್ಟುವ ಹಕ್ಕಿಗಳು

ಬೀಗ ರಿಪೇರಿಯವನ ಅಂಗಡಿಗೂ ಹಾಲಿನ ಬೂತಿಗೂ ನಡುವೆ ಒಂದು ಇಕ್ಕಟ್ಟಾದ ಮನೆಯಿದೆ. ಅದರ ಮುಂದಿನ ಕೋಣೆಯ ಕಿಟಕಿಯಲ್ಲಿ ದಿನವಿಡೀ ಒಂದು ನೀಲಿ ಬೆಳಕು. ಆ ಬೆಳಕಿನ ಮುಂದೆ ಕೂತವಳೇ ಹಕ್ಕಿಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಬ್ಯಾಂಕಿನಲ್ಲಿ ಬಿಟ್ಟರೆ ಅದನ್ನು ಯಾರೂ ಕೂಗುವುದಿಲ್ಲ. ಅಲ್ಲಿ ಕೂಗಿದಾಗಲೂ ಅವಳು ಬೇರೆ ಯಾರನ್ನೋ ಕರೆದರೆಂದು ಅತ್ತಿತ್ತ ನೋಡಿ ಆಮೇಲೆ ಏಳುತ್ತಾಳೆ.

ಕಸೂತಿ ಯಂತ್ರಗಳಿಗೆ ಚಿತ್ರ ಮಾಡಿಕೊಡುವುದು ಅವಳ ಕಸುಬು. ಕಸುಬಿನವರು ಅದನ್ನು ಪಂಚಿಂಗ್ ಎನ್ನುತ್ತಾರೆ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಯಾವ ದಾರ ಮುಗಿದ ಮೇಲೆ ಯಾವ ದಾರ ಎಂಬುದನ್ನೆಲ್ಲ ಹೊಲಿಗೆ ಹೊಲಿಗೆಯಾಗಿ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ; ಚಿತ್ರ ಮಾಡಿದವರು ನಡೆದ ದಾರಿಯಲ್ಲೇ ಅದೂ ನಡೆಯುತ್ತದೆ. ಬಟ್ಟೆ ಮುಗಿದು ಮಡಿಸಿಟ್ಟ ಮೇಲೆ ಆ ದಾರಿ ಯಾರಿಗೂ ಕಾಣುವುದಿಲ್ಲ. ಯಂತ್ರ ಓಡುತ್ತಿರುವಾಗ ಮಾತ್ರ ಕಾಣುತ್ತದೆ, ಅದೂ ನೋಡಬಲ್ಲವರಿಗೆ.

ಈ ವಿದ್ಯೆಯ ದಾರಿ ತೋರಿಸಿದವನು ಮೈದುನ. ಅವಳು ಮದುವೆಯಾಗಿ ಬಂದಾಗ ಅವನಿಗಿನ್ನೂ ಮೀಸೆ ಚಿಗುರುತ್ತಿತ್ತು. ತಾಯಿಯಿಲ್ಲದ ಮನೆ. ಅವನ ಅಣ್ಣ, ಅವಳ ಗಂಡ, ಬಸ್ ಡಿಪೋದಲ್ಲಿ ಬ್ರೇಕು ಸರಿಮಾಡುವವನು. ಉಗುರಿನಲ್ಲಿ ಸದಾ ಗ್ರೀಸು, ಬಾಯಲ್ಲಿ ಮಾತು ಕಡಿಮೆ. ಹಾಗಾಗಿ ತಮ್ಮನ ಹಸಿವು, ಜ್ವರ, ಫೇಲಾದ ಗಣಿತ, ಗೆಳೆಯರ ಜಗಳ ಎಲ್ಲವೂ ಅತ್ತಿಗೆಯ ಪಾಲಿಗೆ ಬಂದವು. ಅವನು ಡಿಪ್ಲೊಮಾ ಓದುವಾಗ ಯಾವುದೋ ಆಫೀಸಿನವರು ಮೂಲೆಗೆ ಹಾಕಿದ್ದ ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಓದು ಮುಗಿದು ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿದ ದಿನ ಅದನ್ನು ಒರೆಸಿ ಅವಳ ಮುಂದಿಟ್ಟ.

"ತಗೊಳ್ಳಿ ಅತ್ತಿಗೆ, ಇನ್ನು ಇದು ನಿಮ್ದು. ಮಧ್ಯಾಹ್ನ ನಿದ್ದೆ ಮಾಡೋ ಬದಲು ಏನಾದ್ರೂ ಕಲೀರಿ."

"ನಾನು ಯಾವಾಗಪ್ಪ ಮಧ್ಯಾಹ್ನ ನಿದ್ದೆ ಮಾಡಿದ್ದು?"

"ಮಾಡಲ್ಲ ಅಂತ ಗೊತ್ತು. ಮಾತಿಗೆ ಹೇಳಿದೆ."

ಅಂಗಡಿಗೆ ಬಂದ ಯಾರದೋ ಕಂಪ್ಯೂಟರಿನಲ್ಲಿ ಕಸೂತಿಯ ಸಾಫ್ಟ್‌ವೇರ್ ನೋಡಿ, ಅಂಥದ್ದನ್ನೇ ತಂದು ಹಾಕಿಕೊಟ್ಟವನೂ ಅವನೇ. ಅವಳು ಹಟ ಹಿಡಿದು ಕೂತಳು. ಮೊದಲ ಹಕ್ಕಿ ಮೂಡಿದ ಸಂಜೆ ಅವನು ಬೆನ್ನ ಹಿಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದ.

"ಅತ್ತಿಗೆ, ಇದು ಹಕ್ಕಿನಾ, ಚಪ್ಪಲಿನಾ?"

"ಚಪ್ಪಲಿಗೆ ಎಲ್ಲಾದ್ರೂ ಕೊಕ್ಕು ಇರುತ್ತೇನೋ?"

"ಬಾಯಿ ಬಿಟ್ಕೊಂಡಿರೋ ಚಪ್ಪಲಿಗೆ ಇರುತ್ತೆ."

ಅವಳು ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರನೆಯ ದಿನ ಹೊಸ ಹಕ್ಕಿ ಶುರು ಮಾಡುವಾಗ ಮೊಟ್ಟಮೊದಲು ಕಪ್ಪು ದಾರದಲ್ಲಿ ಕಣ್ಣಿಟ್ಟಳು, ಆಮೇಲೆ ಅದರ ಸುತ್ತ ತಲೆ, ಕತ್ತು, ರೆಕ್ಕೆ. "ಈಗ ಅನ್ನು ನೋಡೋಣ, ಚಪ್ಪಲಿ ಅಂತ," ಎಂದಳು. ಅವನು ಎರಡೂ ಕೈ ಎತ್ತಿ ಶರಣಾದ.

ಕಸುಬಿನಲ್ಲಿ ಅದು ತಪ್ಪು. ಮೈಯೆಲ್ಲ ತುಂಬಿದ ಮೇಲೆ ಕೊನೆಗೆ ಕಣ್ಣಿಡುವುದು ರೂಢಿ. ಮೊದಲೇ ಇಟ್ಟರೆ ಯಂತ್ರ ಸುಮ್ಮನೆ ಇನ್ನೊಂದು ಸಲ ನಿಂತು ದಾರ ಬದಲಿಸಬೇಕು. ಇದು ಅವಳಿಗೆ ತಿಳಿಯುವಷ್ಟರಲ್ಲಿ ಅಭ್ಯಾಸ ಬೆರಳಿಗೆ ಇಳಿದುಹೋಗಿತ್ತು. ಊರ ಹೊರಗಿನ ಕಸೂತಿ ಕಾರ್ಖಾನೆಯ ಯಜಮಾನರು ಅವಳಿಗೆ ಕೆಲಸ ಕೊಡುತ್ತ ಬಂದವರು. "ಎಲ್ಲರ ಹಕ್ಕಿನೂ ಹುಟ್ಟಿದ ಮೇಲೆ ಕಣ್ಣು ಬಿಟ್ರೆ, ನಿಮ್ಮ ಹಕ್ಕಿ ಕಣ್ಣು ಬಿಟ್ಕೊಂಡೇ ಹುಟ್ಟುತ್ತಲ್ಲಮ್ಮಾ," ಎಂದು ನಗುತ್ತಿದ್ದರು. ಹೆಸರು ಅಂಟಿಕೊಂಡದ್ದು ಅಲ್ಲಿಂದಲೇ.

ಕಾರ್ಖಾನೆಗೆ ಅವಳು ಕೊಡುತ್ತಿದ್ದುದು ಹೆಚ್ಚಾಗಿ ಬಳ್ಳಿ, ಹೂವು, ಶಾಲೆಯ ಚೀಲದ ಅಕ್ಷರಗಳು, ಮಕ್ಕಳ ಅಂಗಿಯ ಬಾತುಕೋಳಿಗಳು. ಅವು ಹೊಟ್ಟೆಪಾಡು. ಅವುಗಳ ನಡುವೆ ಕದ್ದ ಹೊತ್ತಿನಲ್ಲಿ ತನಗಾಗಿ ಬೇರೆ ಹಕ್ಕಿಗಳನ್ನು ಮಾಡುತ್ತಿದ್ದಳು. ಡಿಪೋದ ಹಿಂದೆ ಒಂದು ಕೆರೆಯಿದೆ. ಗಂಡನಿಗೆ ಊಟದ ಡಬ್ಬಿ ಕೊಟ್ಟು ಬರುವಾಗ ಅದರ ದಂಡೆಯಲ್ಲಿ ನಿಂತು ನೋಡಿದ್ದನ್ನು ಮನೆಗೆ ತಂದು ದಾರಕ್ಕಿಳಿಸುವಳು. ಒಂಟಿಕಾಲಿನ ಕೊಕ್ಕರೆ. ಬಾಲ ಕುಣಿಸುವ ಕುಂಡೆಕುಸ್ಕ. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಮಿಂಚುಳ್ಳಿ. ಬೆನ್ನಿನ ಆ ನೀಲಿಗೆ ಬೆಳಕು ಬೀಳುವ ಕಡೆ ಹೊಲಿಗೆಯ ಓರೆ ಬದಲಿಸಿ, ಮತ್ತೆ ಬಿಚ್ಚಿ, ಮತ್ತೆ ಹಾಕಿ, ಒಂದು ಇಡೀ ಮಳೆಗಾಲ ಅದರ ಹಿಂದೆ ಹೋಯಿತು. ಈ ಹಕ್ಕಿಗಳನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಯಜಮಾನರು ಒಮ್ಮೆ ಬಾಯಿಬಿಟ್ಟು ಕೇಳಿದಾಗಲೂ, "ಅವು ಮಾರೋದಕ್ಕಲ್ಲ," ಎಂದಿದ್ದಳು. ಒಂದು ಚಿಕ್ಕ ಕಸೂತಿ ಯಂತ್ರ ಕೊಳ್ಳಬೇಕು, ಹಳೆಯದಾದರೂ ಸೈ, ಮುಂದಿನ ಕೋಣೆಯಲ್ಲಿ ಹಾಕಬೇಕು, ಆ ಹಕ್ಕಿಗಳು ಮೊದಲು ತನ್ನ ಬಟ್ಟೆಯ ಮೇಲೆ ಕೂರಬೇಕು. ಇದಿಷ್ಟು ಅವಳ ಆಸೆ. ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು. ಗಂಡ ಡಿಪೋದ ಟೇಪು ತಂದು ಬಾಗಿಲ ಅಗಲ ಅಳೆದು, "ನುಗ್ಗುತ್ತೆ ಬಿಡು," ಎಂದಿದ್ದ.

ಕಂಪ್ಯೂಟರು ಮಾತ್ರ ಮುದಿಯಾಗಿತ್ತು. ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದು ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಮಿಂಚುಳ್ಳಿಯನ್ನು ತೆರೆದರಂತೂ ಕೊಕ್ಕು ಬಂದು, ಕತ್ತು ಬಂದು, ಬಾಲ ಬರುವ ಮೊದಲೇ ನಿಂತುಬಿಡುವುದು.

"ಇದಕ್ಕೆ ಅರಳುಮರಳು ಅತ್ತಿಗೆ," ಎಂದ ಮೈದುನ ಒಂದು ದಿನ. "ಮೆಮೊರಿ ಸಾಲಲ್ಲ. ಡಿಸ್ಕೂ ಸವೆದಿದೆ. ಎರಡೂ ಹೊಸದು ಹಾಕಿಕೊಡ್ತೀನಿ."

"ಎಷ್ಟಾಗುತ್ತೋ?"

"ನೀವು ಹಾಕಿರೋ ಅನ್ನಕ್ಕೆ ಲೆಕ್ಕ ಇಟ್ಟಿದ್ದೀರಾ? ಸುಮ್ನಿರಿ."

ಆ ಮಾತು ಅವಳ ಎದೆಯಲ್ಲಿ ಬೆಚ್ಚಗೆ ಕೂತಿತು.

ಭಾನುವಾರ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಡಬ್ಬವನ್ನು ಮಲಗಿಸಿದ. ಪಕ್ಕದ ತಗಡು ಸರಿಸಿದಾಗ ಒಳಗೆ ಬೂದು ಬಣ್ಣದ ಧೂಳು, ಅದರ ನಡುವೆ ನೂಲಿನ ಬಣ್ಣಬಣ್ಣದ ಎಳೆಗಳು. "ನಿಮ್ಮ ಕಸುಬೆಲ್ಲ ಇದರ ಹೊಟ್ಟೇಲಿದೆ ನೋಡಿ," ಎಂದು ನಕ್ಕು ಬ್ರಷ್ಷಿನಿಂದ ಗುಡಿಸಿದ. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದಳು. ಅವನು ಹೇಳಿಕೊಡುತ್ತ ಹೋದ, ಒಂದು ಕಾಲಕ್ಕೆ ಮೌಸು ಹಿಡಿಯುವುದನ್ನು ಹೇಳಿಕೊಟ್ಟ ಹಾಗೆಯೇ.

"ಮೊದಲು ಡಬ್ಬದ ಕಬ್ಬಿಣ ಮುಟ್ಟಬೇಕು. ಮೈಯಲ್ಲಿರೋ ಕರೆಂಟು ಇಳಿದುಹೋಗುತ್ತೆ. ಇಲ್ಲಾಂದ್ರೆ ಮುಟ್ಟಿದ ಕೂಡಲೇ ಮೆಮೊರಿ ಸತ್ತುಹೋಗಬಹುದು. ಹಾಂ, ಈಗ ಈ ಎರಡು ತುದೀಲಿರೋ ಕಿವಿ ಒತ್ತಿ. ಒಟ್ಟಿಗೆ."

ಅವಳು ಒತ್ತಿದಳು. ಮೆಮೊರಿಯ ಹಸಿರು ಪಟ್ಟಿ ತಾನೇ ಎದ್ದು ಬಂತು. ಹೊಸ ಪಟ್ಟಿಯ ಕಚ್ಚನ್ನು ಜಾಗಕ್ಕೆ ಹೊಂದಿಸಿ ಎರಡೂ ಹೆಬ್ಬೆರಳಿನಿಂದ ಅದುಮಿದಾಗ ಕಿವಿಗಳು ಟಕ್ಕೆಂದು ಮುಚ್ಚಿಕೊಂಡವು. ಹಳೆಯ ಪಟ್ಟಿಯನ್ನು ಅವಳು ಅಂಗಿ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು. ಏನನ್ನೂ ಎಸೆದು ಗೊತ್ತಿಲ್ಲದ ಕೈ.

ಹೊಸ ಡಿಸ್ಕು ಅಂಗೈಗಿಂತ ಚಿಕ್ಕದು, ಬಿಸ್ಕತ್ತಿನಷ್ಟು ಹಗುರ. ಹಳೆಯದು ಇಟ್ಟಿಗೆಯ ತುಂಡಿನಂತೆ ಭಾರ, ಒಳಗೆ ಸದಾ ಕಟಕಟ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬುವುದಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಎಂದೂ ಇತ್ತ ತಲೆಹಾಕದ ಗಂಡ ಅಂದು ಟೀ ಲೋಟ ಹಿಡಿದು ಎರಡು ಮೂರು ಸಲ ಬಾಗಿಲಿಗೆ ಬಂದ.

"ಹಕ್ಕಿಗಳೆಲ್ಲಾ ಬಂದ್ವೇನೋ?"

"ಬಂದ್ವಣ್ಣ. ಒಂದೂ ಬಿಟ್ಟಿಲ್ಲ."

ತನ್ನ ಹಕ್ಕಿಗಳ ಮೇಲೆ ಇವರಿಗೆ ಇಷ್ಟು ಕಾಳಜಿಯಿತ್ತೇ ಎಂದು ಅವಳಿಗೆ ಅಚ್ಚರಿಯಾಯಿತು. ರಾತ್ರಿ ಇಬ್ಬರಿಗೂ ಒಂದು ಹಿಡಿ ಹೆಚ್ಚಿಗೇ ಬಡಿಸಿದಳು.

ಹಳೆಯ ಡಿಸ್ಕನ್ನು ಮೈದುನ ಚೀಲಕ್ಕೆ ಹಾಕಿಕೊಂಡ. "ಇದು ಇನ್ನು ಹೆಣ. ಮನೇಲಿ ಯಾಕೆ? ಗುಜರಿಗೆ ಹಾಕಿಬಿಡ್ತೀನಿ."

ಮುಂದಿನ ದಿನಗಳು ಹಗುರವಾಗಿದ್ದವು. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರು ಸಿದ್ಧ. ಮಿಂಚುಳ್ಳಿ ಕರೆದ ಕೂಡಲೇ ಬಾಲದ ತುದಿಯವರೆಗೂ ಬಂದು ಕೂರುತ್ತಿತ್ತು. ಕಟಕಟ ಸದ್ದೇ ಇಲ್ಲದ ಕೋಣೆಯಲ್ಲಿ ಅವಳಿಗೆ ಒಮ್ಮೊಮ್ಮೆ ಯಾರೋ ಎದ್ದು ಹೋದ ಹಾಗನಿಸುತ್ತಿತ್ತು, ಅಷ್ಟೆ. ಮೈದುನನಿಗೂ ಒಳ್ಳೆಯ ಕಾಲ ಬಂದಿತ್ತು. ಯಾವುದೋ ದೊಡ್ಡ ಕಡೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಖಾಯಂ ಕೆಲಸ ಸಿಕ್ಕಿತೆಂದು ಹೇಳಿದ. ಎಲ್ಲಿ ಎಂದರೆ, "ನೋಡೋಣ, ಮೊದಲು ಗಟ್ಟಿಯಾಗಲಿ ಅತ್ತಿಗೆ," ಎಂದು ಮಾತು ತೇಲಿಸಿದ.

ಮೇಜುಬಟ್ಟೆಯ ಅಂಚಿಗೆ ಕೇಳಿದ್ದ ಬಳ್ಳಿಯೊಂದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅವಳು ಕಾರ್ಖಾನೆಗೆ ಹೋದದ್ದು ಅದಾದ ಮೇಲೆ. ಕಾರ್ಖಾನೆಯೆಂದರೆ ತಗಡಿನ ಸೂರಿನ ಒಂದೇ ಉದ್ದನೆಯ ಕೊಠಡಿ. ನಡುವೆ ಯಂತ್ರ; ಒಂದೇ ಮೈಗೆ ಸಾಲಾಗಿ ಹನ್ನೆರಡು ಸೂಜಿತಲೆ, ಒಂದು ಮಾಡಿದ್ದನ್ನೇ ಹನ್ನೆರಡೂ ಮಾಡುತ್ತವೆ. ಅದನ್ನು ನಡೆಸುವ ಹೆಂಗಸು ಬಿಳಿ ಬಟ್ಟೆ ಬಿಗಿದು ಆಗಷ್ಟೇ ಗುಂಡಿ ಒತ್ತಿದ್ದಳು.

"ಬಾ ಅಕ್ಕಾ. ದಾರ ತುಂಡಾಗೋ ಮುಂಚೆ ಒಂದು ಮಾತಾಡ್ಕೊಳ್ಳೋಣ," ಎಂದಳು. ಆ ಯಂತ್ರದ ಪಕ್ಕ ಮಾತೆಂದರೆ ಕೂಗು.

ಹಕ್ಕಿಯಕ್ಕ ನಗುತ್ತ ಹತ್ತಿರ ಹೋದಳು. ಬಟ್ಟೆಯ ಮೇಲೆ ಇನ್ನೂ ಏನೂ ಇರಲಿಲ್ಲ. ಸೂಜಿಗಳು ಬರೀ ಒಂದು ಚುಕ್ಕೆಯನ್ನು ಸುತ್ತುತ್ತಿದ್ದವು. ಕಪ್ಪು ದಾರ. ಸಣ್ಣ ಸುತ್ತು, ಅದರೊಳಗೆ ಬೆಳಕಿಗೆಂದು ಬಿಟ್ಟ ಒಂದು ಕೂದಲೆಳೆ ಜಾಗ. ಯಂತ್ರ ಗಕ್ಕನೆ ನಿಂತು ದಾರ ಬದಲಿಸಿತು. ಬಿಳಿ ಬಟ್ಟೆಯ ಉದ್ದಕ್ಕೂ ಹನ್ನೆರಡು ಕಣ್ಣು. ಮೈಯಿಲ್ಲ, ರೆಕ್ಕೆಯಿಲ್ಲ, ಬರೀ ಕಣ್ಣು.

ಅವಳ ನಗು ಮುಖದಲ್ಲೇ ನಿಂತಿತು. ಈ ವರ್ಷ ತಾನು ಇವರಿಗೆ ಒಂದು ಹಕ್ಕಿಯನ್ನೂ ಕೊಟ್ಟಿಲ್ಲವಲ್ಲ ಎಂದು ಮನಸ್ಸು ಹೇಳಿತು. ಹಳೆಯ ಬಾತುಕೋಳಿ ಇರಬೇಕು ಎಂದು ಅದೇ ಮನಸ್ಸು ಸಮಾಧಾನ ಹೇಳಿತು. ನಿಂತಳು. ಕೊಕ್ಕು ಬಂತು, ಉದ್ದನೆಯದು. ಕತ್ತಿನ ಕೆಳಗೆ ಬಿಳಿ. ಆಮೇಲೆ ನೀಲಿ ದಾರ ಇಳಿಯಿತು. ಬೆಳಕು ಬೀಳಬೇಕಾದ ಕಡೆ ಹೊಲಿಗೆ ಓರೆ ತಿರುಗಿತು. ಆ ತಿರುವಿಗೆ ಅವಳ ಬಲಗೈಯ ಮಣಿಕಟ್ಟು ತಾನಾಗಿ ಸಣ್ಣಗೆ ಹೊರಳಿತು.

"ಚೆನ್ನಾಗಿದೆ ಅಲ್ವಾ?" ಹೆಂಗಸು ಕೂಗಿದಳು. "ಇಂಥವು ಇನ್ನೂ ಬೇಕಾದಷ್ಟು ಇವೆ. ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗ ತಂದು ಹಾಕಿದ್ದು. ನಿನ್ನ ಥರಾನೇ ಕಣ್ಣು ಮೊದಲು ನೋಡು! ನಿನ್ನ ಶಿಷ್ಯರು ಯಾರೋ ಇರಬೇಕು."

ಅಷ್ಟರಲ್ಲಿ ಯಜಮಾನರು ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದರು. ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ನೆಂಟರನ್ನು ಕಂಡ ಸಂತೋಷವಿತ್ತು.

"ಬನ್ನಿ ಬನ್ನಿ. ಅಂತೂ ಮನಸ್ಸು ಮಾಡಿದ್ರಲ್ಲಮ್ಮಾ! ನಿಮ್ಮ ಯಜಮಾನ್ರೇ ಬಂದು, 'ಅವಳು ಒಪ್ಪಿದಾಳೆ, ಬಾಯಿಬಿಟ್ಟು ಹೇಳೋಕೆ ಸಂಕೋಚ' ಅಂದ್ರು. ನಿಮ್ಮ ಮೈದುನ ಡಿಸ್ಕನ್ನೇ ತಂದುಕೊಟ್ಟ. ಒಳ್ಳೆ ಹುಡುಗ. ನಮ್ಮ ಕಂಪ್ಯೂಟರ್ ಕೆಲಸ ಎಲ್ಲಾ ಈಗ ಅವನದೇ." ಮಾತು ನಿಲ್ಲಿಸಿ ಅವಳ ಮುಖ ನೋಡಿದರು. "ಯಾಕಮ್ಮಾ? ನಿಮಗೆ ಗೊತ್ತಿತ್ತು ತಾನೆ?"

ಯಂತ್ರ ಓಡುತ್ತಲೇ ಇತ್ತು. ಅವಳ ಬಾಯಿಗೆ ಬಂದದ್ದು ಒಂದೇ ಪದ. ಅದು ಯಾಕೆ ಬಂತೆಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ.

"ಗೊತ್ತಿತ್ತು," ಎಂದಳು.

ಮನೆಯ ಮಾನ ಎಂದು ಅದಕ್ಕೆ ಹೆಸರಿಡಬಹುದು. ಉಂಡ ಮನೆಗೆ ಎರಡು ಬಗೆದವರ ಮಾನವನ್ನು ಬಗೆಸಿಕೊಂಡವಳೇ ಮುಚ್ಚಿ ಕಾಯಬೇಕಾಗಿ ಬಂದದ್ದು, ಆ ಹೊತ್ತಿನಲ್ಲಿ ಅವಳಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಉರಿಯಿತು. ಪೆನ್‌ಡ್ರೈವು ಕೊಟ್ಟು ಹೊರಗೆ ಬಂದಳು. ಬಸ್ಸು ಹತ್ತಲಿಲ್ಲ. ಕೆರೆಯ ದಾರಿಯಲ್ಲಿ ನಡೆದಳು, ಆದರೆ ಕೆರೆಯ ಕಡೆ ನೋಡಲಿಲ್ಲ.

ಸಂಜೆ ಅಣ್ಣತಮ್ಮಂದಿರು ಒಟ್ಟಿಗೆ ಊಟಕ್ಕೆ ಕೂತರು. ಅವಳು ಬಡಿಸಿದಳು. ನೀರು ಇಟ್ಟಳು. ಆಮೇಲೆ ಗೋಡೆಗೊರಗಿ ನಿಂತು ಹೇಳಿದಳು:

"ಮಿಂಚುಳ್ಳಿ ನೋಡಿದೆ ಇವತ್ತು. ಕಾರ್ಖಾನೇಲಿ."

ಮೈದುನನ ಕೈ ತಟ್ಟೆಯಲ್ಲಿ ನಿಂತಿತು. ಗಂಡ ಮಾತ್ರ ತುತ್ತು ನುಂಗಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಶುರು ಮಾಡಿದ. "ಅದು ಹಾಗಲ್ಲ. ಕೆಲವು ವಿಷಯ ಹೇಳೋ ಹೊತ್ತಿಗೆ ಹೇಳಬೇಕು ಅಂತ..."

"ಯಾವಾಗ ಹೇಳೋ ಹೊತ್ತು ಬರ್ತಿತ್ತು ರೀ? ಮೇಜುಬಟ್ಟೆ ಅಂಗಡೀಲಿ ಮಾರಾಟಕ್ಕೆ ಬಂದಾಗ?"

"ನಿನ್ನದೇನು ಹೋಯ್ತೇ ಈಗ? ಕಾಪಿ ತಾನೆ? ನಿನ್ನ ಹಕ್ಕಿ ನಿನ್ನ ಹತ್ರಾನೇ ಇದೆ. ಸುಮ್ನೆ ಡಬ್ಬದಲ್ಲಿ ಬಿದ್ದಿತ್ತು. ಅದರಿಂದ ಇವನ ಜೀವನ ಒಂದು ದಡ ಸೇರಿದ್ರೆ ಬೇಡ ಅಂತೀಯಾ?"

"ನಾನು ಒಪ್ಪಿದೀನಿ ಅಂತ ಹೇಳಿದ್ರಂತೆ."

ಗಂಡ ನೀರಿನ ಲೋಟ ಎತ್ತಿದ. ಲೋಟದಲ್ಲಿ ನೀರು ಮುಗಿದ ಮೇಲೂ ಅದನ್ನು ಬಾಯಿಂದ ತೆಗೆಯಲಿಲ್ಲ.

ಅವಳು ಮೈದುನನ ಕಡೆ ತಿರುಗಿದಳು. ಅವನ ಮೀಸೆ ಈಗ ದಟ್ಟವಾಗಿತ್ತು. "ನೀನಾದ್ರೂ ಒಂದು ಮಾತು ಕೇಳಬಹುದಿತ್ತು ಕಣೋ."

"ಕೇಳಿದ್ರೆ ನೀವು ಬೇಡ ಅಂತಿದ್ರಿ ಅತ್ತಿಗೆ."

"ಹೌದು. ಬೇಡ ಅಂತಿದ್ದೆ."

ಅವನು ತಲೆ ತಗ್ಗಿಸಿ, ತಟ್ಟೆಗೆ ಹೇಳಿದಂತೆ ಹೇಳಿದ: "ಕಂಪ್ಯೂಟರ್ ತಂದಿದ್ದು ನಾನೇ ಅಲ್ವಾ. ಕಲಿಸಿದ್ದೂ ನಾನೇ. ಅಷ್ಟು ಹಕ್ಕು ಇದೆ ಅನ್ಕೊಂಡೆ."

ಅವಳು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಕಿರುಚಿದರೆ ಅವರಿಬ್ಬರಿಗೂ ಹಗುರವಾಗುತ್ತಿತ್ತೇನೋ.

"ಹಳೇ ಡಿಸ್ಕು ಬೇಕು," ಎಂದಳು.

"ಅದನ್ನು ಗುಜರಿಗೆ..."

"ಗುಜರಿ ಎಲ್ಲಿದೆ ಅಂತ ನೋಡ್ಕೊಂಡು ಬಂದಿದೀನಿ. ಗಾಜಿನ ಕೋಣೇಲಿ. ನಾಳೆ ತಂದುಕೊಡು."

ಮಾರನೆಯ ಸಂಜೆ ಅವನು ತಂದ. ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ಅವಳು ಆಗಲೇ ನೆಲದ ಮೇಲೆ ಬೆಡ್‌ಶೀಟು ಹಾಸಿ, ಬಳ್ಳಿಯ ಕೆಲಸವನ್ನೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ತೆಗೆದಿಟ್ಟು, ಡಬ್ಬವನ್ನು ಮಲಗಿಸಿ ಕೂತಿದ್ದಳು.

"ನಾನು ಮಾಡಿಕೊಡ್ತೀನಿ ಅತ್ತಿಗೆ, ನಿಮಗೆ ಗೊತ್ತಾಗಲ್ಲ..."

"ನೀನೇ ಹೇಳಿಕೊಟ್ಟಿದ್ದು."

ಮೊದಲು ಡಬ್ಬದ ಕಬ್ಬಿಣ ಮುಟ್ಟಿದಳು. ಎರಡು ತುದಿಯ ಕಿವಿಗಳನ್ನು ಒಟ್ಟಿಗೆ ಒತ್ತಿದಳು. ಹೊಸ ಪಟ್ಟಿ ಎದ್ದು ಬಂತು. ಅದರ ಲೋಹದ ಕಾಲುಗಳನ್ನು ಮುಟ್ಟದಂತೆ ಹಿಡಿದು ಬದಿಗಿಟ್ಟಳು. ಗುಂಡಿಗಳ ಡಬ್ಬಿಯಿಂದ ಹಳೆಯದನ್ನು ತೆಗೆದು, ಕಾಲುಗಳ ಮೇಲಿನ ಕಪ್ಪನ್ನು ರಬ್ಬರಿನಿಂದ ಉಜ್ಜಿ, ಹೆಬ್ಬೆರಳಿನಲ್ಲಿ ಅದುಮಿದಳು. ಟಕ್. ಬಿಸ್ಕತ್ತಿನಂಥ ಹೊಸ ಡಿಸ್ಕು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿಕೊಂಡಿತು. ಹಳೆಯದರ ಸ್ಕ್ರೂಗಳು ಮೊಂಡು ಬಿದ್ದವು. ಅವಳು ಅವಸರ ಮಾಡಲಿಲ್ಲ. ಗಂಡ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಟೀ ಲೋಟ ಇರಲಿಲ್ಲ.

ಗುಂಡಿ ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿಂದ ಕಟಕಟ ಶುರುವಾಯಿತು.

"ಹೆಣ ಅಂದಿದ್ದೆ," ಎಂದಳು. "ಮಾತಾಡ್ತಿದೆ ಕೇಳು."

ಹೊಸ ಮೆಮೊರಿಯನ್ನೂ ಡಿಸ್ಕನ್ನೂ ಅದೇ ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟಳು. ಅವನು ತೆಗೆದುಕೊಳ್ಳಲಾರದೆ, ಬಿಡಲಾರದೆ ಹಿಡಿದು ನಿಂತ. "ಇದರಲ್ಲೂ ನಿಮ್ಮ ಹಕ್ಕಿಗಳಿವೆ ಅತ್ತಿಗೆ. ಅಳಿಸ್ಲಾ?"

"ನಿನ್ನಿಷ್ಟ. ಈಗ ಅಳಿಸಿದ್ರೆಷ್ಟು, ಬಿಟ್ರೆಷ್ಟು."

ಕಾರ್ಖಾನೆಯ ಯಜಮಾನರಿಗೆ ಅವಳು ನಿಜ ಹೇಳಲಿಲ್ಲ. ಮಿಂಚುಳ್ಳಿಯ ಮೇಜುಬಟ್ಟೆಗಳು ಪೇಟೆಗೆ ಹೋದವು. ಚೆನ್ನಾಗಿ ಓಡಿದವೆಂದು ಕೇಳಿದಳು. ಬಾಗಿಲ ಅಗಲ ಅಳೆದ ಟೇಪು ಎಷ್ಟೋ ದಿನ ಕಿಟಕಿಯ ಮೇಲೆಯೇ ಇತ್ತು. ಮನೆಯಲ್ಲಿ ಅಡುಗೆ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಉಪ್ಪು ಹೆಚ್ಚಾಯಿತೇ, ಕರೆಂಟು ಹೋಯಿತೇ ಎಂಬಂಥ ಮಾತು. ಮೈದುನ ಈಗಲೂ ತಮಾಷೆ ಮಾಡಲು ನೋಡುತ್ತಾನೆ. ಅವಳು ನಗುತ್ತಾಳೆ ಕೂಡ. ಆದರೆ ಸೆರಗು ಬಾಯಿಗೊತ್ತಿಕೊಳ್ಳುವಷ್ಟು ನಗು ಅವಳಿಗೆ ಬರುವುದಿಲ್ಲ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವಳು ಹೊಸ ಹಾಳೆ ತೆರೆದಳು. ಕಂಪ್ಯೂಟರು ಹಳೆಯ ಹಾಗೆ ಆಕಳಿಸಿ, ಕಟಕಟಿಸಿ, ಸಾವಕಾಶವಾಗಿ ಬಿಳಿಯ ಚೌಕವೊಂದನ್ನು ಮುಂದಿಟ್ಟಿತು. ಬೆಳಿಗ್ಗೆ ಕೆರೆಯ ಬೇಲಿಯ ಮೇಲೆ ಕೂತಿದ್ದ ಹಕ್ಕಿ ಯಾವುದೆಂದು ಅವಳಿಗೆ ಹೆಸರು ಗೊತ್ತಿರಲಿಲ್ಲ. ಕಂದು ಮೈ, ತುದಿಯಲ್ಲಿ ಸ್ವಲ್ಪ ಹಳದಿ. ಬೆರಳು ತಾನಾಗಿ ಕಪ್ಪು ದಾರವನ್ನು ಆರಿಸಿ, ಚೌಕದ ಮೇಲ್ತುದಿಗೆ, ಕಣ್ಣಿರಬೇಕಾದ ಕಡೆಗೆ ಹೋಯಿತು. ಅಲ್ಲಿ ಒಂದು ಕ್ಷಣ ನಿಂತಿತು.

ಅವಳು ಕೈಯನ್ನು ಕೆಳಕ್ಕೆ ತಂದಳು. ಕಂದು ದಾರ ತೆಗೆದು, ಕಾಲಿನ ಉಗುರಿನಿಂದ ಶುರು ಮಾಡಿದಳು.